ಸ್ವಿಚ್ಚಿನ ಮೇಲೆ ಉಳಿದ ಬೀಗ

ಮನೆ, ಅಡುಗೆಮನೆ ಪಕ್ಕದ ಮೇಜು
ಭಾನುವಾರ, ಹದಿನೇಳನೇ ತಾರೀಖು, ಮಧ್ಯಾಹ್ನ

ಪ್ರೀತಿಯ ಮರೀ,

ಹೇಗಿದ್ದೀಯ? ಮೊಣಕೈಯ ಗಾಯ ಒಣಗಿತೆ? ಹೋದ ವಾರ ಫೋನಿನಲ್ಲಿ ‘ಸ್ವಲ್ಪ ತರಚಿದೆ ಅಷ್ಟೇ’ ಎಂದು ಮಾತು ಹಾರಿಸಿದೆ. ನಿನ್ನ ಸ್ವಲ್ಪ ಎಷ್ಟಿರುತ್ತದೆ ಎಂಬುದು ನಿನ್ನನ್ನು ಎತ್ತಿ ಆಡಿಸಿದ ನನಗೆ ಗೊತ್ತಿಲ್ಲವೆ? ಆರನೇ ಕ್ಲಾಸಿನಲ್ಲಿ ಸೈಕಲ್ಲಿನಿಂದ ಬಿದ್ದು ಎರಡು ಹಲ್ಲು ಮುರಿದುಕೊಂಡಾಗಲೂ ನೀನು ಹೇಳಿದ್ದು ಇದೇ ಸ್ವಲ್ಪ. ಮುಲಾಮು ಹಚ್ಚು, ಧೂಳು ಕೂರದಂತೆ ಪಟ್ಟಿ ಕಟ್ಟು, ಹೊತ್ತಿಗೆ ಸರಿಯಾಗಿ ಊಟ ಮಾಡು. ಹದಿನೆಂಟು ಮಹಡಿಯ ಕಟ್ಟಡಕ್ಕೆ ಎರಡು ಲಿಫ್ಟು ಕೂರಿಸುವ ಕೆಲಸಕ್ಕೆ ನಿನ್ನನ್ನೇ ಮುಖ್ಯಸ್ಥೆ ಮಾಡಿದ್ದಾರೆ ಎಂದು ಇಲ್ಲಿ ಕಂಡಕಂಡವರಿಗೆಲ್ಲ ಹೇಳಿಕೊಂಡು ತಿರುಗುತ್ತಿದ್ದೇನೆ. ಹಾಲಿನ ಅಂಗಡಿಯವನು ನನ್ನನ್ನು ದೂರದಲ್ಲಿ ಕಂಡರೂ ಈಗ ‘ಗೊತ್ತು ಸಾರ್, ಹದಿನೆಂಟು ಮಹಡಿ’ ಎಂದು ತಾನೇ ಮೊದಲು ಹೇಳಿಬಿಡುತ್ತಾನೆ.

ಈ ಪತ್ರವನ್ನು ನಿನ್ನ ಕೈಗೆ ಕೊಡುವವನು ಸದಾ ಮೈಗೆಲ್ಲ ಗ್ರೀಸು ಮೆತ್ತಿಕೊಂಡು ಆ ಹೆಸರನ್ನೇ ಪಡೆದ ನಮ್ಮ ಗ್ರೀಸ್. ಅವನು ನಾಳೆ ಬೆಳಗಿನ ಬಸ್ಸಿಗೆ ಹೊರಡುತ್ತಾನೆ. ಅವನಿಗೆ ಬೇಕಾದಷ್ಟು ತಾಕೀತು ಮಾಡಿದ್ದೇನೆ: ನೀನು ಲಿಫ್ಟಿನ ಬಾವಿಯಿಂದ ಪೂರ್ತಿ ಹೊರಗೆ ಬಂದಿರಬೇಕು, ಹೆಲ್ಮೆಟ್ ತೆಗೆದಿರಬೇಕು, ನೀರು ಕುಡಿದು ಕೂತಿರಬೇಕು, ಆಮೇಲೆಯೇ ಕೊಡಬೇಕು. ಅವನು ಇಪ್ಪತ್ತು ವರ್ಷದಿಂದ ನನ್ನ ಜೊತೆ ಕೆಲಸ ಮಾಡಿದವನಾದ್ದರಿಂದ ಹೇಳಿದ್ದನ್ನು ಹೇಳಿದಂತೆಯೇ ಮಾಡುತ್ತಾನೆ. ಅಂಗಿ ಒಗೆಯುವ ವಿಷಯ ಒಂದನ್ನು ಬಿಟ್ಟು. ಈಗ ನೀನು ಕೂತಿದ್ದೀಯ ತಾನೆ? ಕೂತಿಲ್ಲದಿದ್ದರೆ ಕೂತುಕೋ.

ನನಗೆ ದೊಡ್ಡ ಕರುಳಿನ ಕ್ಯಾನ್ಸರ್ ಆಗಿದೆ. ಅದು ಲಿವರಿಗೂ ಹರಡಿದೆ. ಮೂರು ತಿಂಗಳು ಔಷಧ ಏರಿಸಿಕೊಂಡಿದ್ದೇನೆ, ಅದು ಕೆಲಸ ಮಾಡಿದೆ. ಈ ಗುರುವಾರ ಬೆಳಿಗ್ಗೆ ಏಳು ಗಂಟೆಗೆ ಆಪರೇಷನ್. ಕರುಳಿನ ಗಂಟನ್ನೂ ಲಿವರಿನ ಗಂಟುಗಳನ್ನೂ ಒಂದೇ ಸಲಕ್ಕೆ ತೆಗೆಯುತ್ತಾರೆ. ಇಷ್ಟೇ ವಿಷಯ. ನಾಲ್ಕು ಸಾಲಿನಲ್ಲಿ ಮುಗಿಯಿತು ನೋಡು, ಇದನ್ನು ಹೇಳಲು ನಾನು ಐದು ತಿಂಗಳು ತಿಣುಕಾಡಿದೆ.

ನಿನಗೆ ಈಗ ಸಿಟ್ಟು ಬಂದಿರುತ್ತದೆ. ನಿನ್ನ ಮೂಗಿನ ತುದಿಯ ಕೋಪ ನನ್ನ ಕಡೆಯಿಂದಲೇ ಬಂದದ್ದು, ಆದ್ದರಿಂದ ದೂರುವ ಹಾಗಿಲ್ಲ. ಮುಚ್ಚಿಟ್ಟದ್ದು ನಾನು, ಅಮ್ಮನಲ್ಲ. ಅವಳು ಮೊದಲ ದಿನದಿಂದಲೂ ‘ಅವಳಿಗೆ ಹೇಳ್ರೀ, ಗೊತ್ತಾದ್ರೆ ನಮ್ಮಿಬ್ಬರನ್ನೂ ಸುಮ್ನೆ ಬಿಡಲ್ಲ’ ಎಂದು ಬೆನ್ನು ಹತ್ತಿದ್ದಳು. ನನ್ನ ವಾದ ಒಂದೇ ಆಗಿತ್ತು. ನೀನು ದಿನಕ್ಕೆ ಎಂಟು ಗಂಟೆ ಬಾವಿಯಲ್ಲಿ ಹಗ್ಗಕ್ಕೆ ತೂಗುಬಿದ್ದು ಕೆಲಸ ಮಾಡುವವಳು. ಮನಸ್ಸು ಎಲ್ಲೋ ಇರುವವರು ಬಾವಿಗೆ ಇಳಿಯಬಾರದು. ಈ ಮಾತು ಸರಿಯೋ, ಅಥವಾ ನಿನ್ನ ಮುಂದೆ ಇದನ್ನು ಹೇಳಲಾರದೆ ನಾನು ಹುಡುಕಿಕೊಂಡ ನೆಪವೋ, ನನಗೇ ಪೂರ್ತಿ ಗೊತ್ತಿಲ್ಲ. ಫೋನಿನಲ್ಲಿ ಹೇಳೋಣವೆಂದರೆ ನೀನು ಮೊದಲ ಪ್ರಶ್ನೆ ಕೇಳಿದ ಕೂಡಲೇ ನಾನು ಸುಳ್ಳು ಹೇಳಿಬಿಡುತ್ತೇನೆ, ಅದು ಖಂಡಿತ. ಗ್ಯಾಸ್ಟ್ರಿಕ್ ಎಂದದ್ದು ಸುಳ್ಳು. ತೂಕ ಇಳಿಸುತ್ತಿದ್ದೇನೆ ಎಂದದ್ದು ಸುಳ್ಳು. ವಿಡಿಯೋ ಕರೆಯಲ್ಲಿ ನಾನು ಉಣ್ಣೆಯ ಕೈಗವಸು ಹಾಕಿಕೊಂಡದ್ದನ್ನು ನೋಡಿ ನೀನು ಕೇಳಿದಾಗ ಕೈಗೆ ಬಣ್ಣ ಮೆತ್ತಿದೆ ಎಂದದ್ದೂ ಸುಳ್ಳು. ಆ ಔಷಧದ ಗುಣವೇ ಹಾಗಂತೆ, ತಣ್ಣಗಿನ ವಸ್ತು ಮುಟ್ಟಿದರೆ ಬೆರಳಿಗೆ ಕರೆಂಟು ಹೊಡೆದಂತಾಗುತ್ತದೆ. ಮೂವತ್ತು ವರ್ಷ ಕಬ್ಬಿಣ ಹಿಡಿದ ಕೈ ಫ್ರಿಜ್ಜಿನ ಬಾಗಿಲು ಹಿಡಿಯಲು ಹೆದರಿತು. ಇದನ್ನೆಲ್ಲ ಹೊಟ್ಟೆಗೆ ಹಾಕಿಕೋ ಮರೀ. ನನ್ನ ಹೊಟ್ಟೆಯಲ್ಲಂತೂ ಸದ್ಯಕ್ಕೆ ಜಾಗವಿಲ್ಲ.

ಶುರುವಾದದ್ದು ಹೇಗೆಂದು ಹೇಳುತ್ತೇನೆ. ನಾನು ಯಾವ ಕಟ್ಟಡಕ್ಕೆ ಹೋದರೂ ಮೇಲಿನ ಯಂತ್ರದ ಕೋಣೆಗೆ ಮೆಟ್ಟಿಲು ಹತ್ತಿಯೇ ಹೋಗುವವನು. ಒಂದೊಂದು ಮಹಡಿಯಲ್ಲೂ ನಿಂತು ಬಾಗಿಲಿಗೆ ಕಿವಿಕೊಟ್ಟು ಲಿಫ್ಟು ಹಾದುಹೋಗುವ ಸದ್ದು ಕೇಳಿದರೆ ಅರ್ಧ ರಿಪೇರಿ ಅಲ್ಲೇ ತಿಳಿಯುತ್ತದೆ. ನಿನಗೂ ಹಾಗೇ ಕಲಿಸಿದ್ದೇನೆ, ಮೊದಮೊದಲು ಏದುಸಿರು ಬಿಟ್ಟುಕೊಂಡು ನನ್ನನ್ನು ಶಪಿಸುತ್ತಿದ್ದೆ. ಐದು ತಿಂಗಳ ಹಿಂದೆ ಆ ಹನ್ನೊಂದು ಮಹಡಿಯ ಹಳೇ ಕಟ್ಟಡದಲ್ಲಿ ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಕಾಲು ಸೋತಿತು. ಆರನೆಯದರಲ್ಲಿ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಅಲ್ಲಿ ಎಡಗಡೆ ಮನೆಯಲ್ಲಿ ಒಬ್ಬ ಅಜ್ಜಿ ಇದ್ದಾರೆ, ಹಿಂದೆ ಟೆಲಿಫೋನ್ ಆಪರೇಟರ್ ಆಗಿದ್ದವರು. ನಾನು ಬಾಗಿಲಿಗೆ ಕಿವಿಯಿಡುವಾಗೆಲ್ಲ ‘ಲೈನ್ ಸಿಕ್ತಾ?’ ಎಂದು ತಮಾಷೆ ಮಾಡುತ್ತಾರೆ. ಅವರು ಒಳಗಿನಿಂದ ಕುರ್ಚಿ ತಂದಿಟ್ಟು ನನ್ನ ಕಣ್ಣಿನ ಕೆಳಗಿನ ರೆಪ್ಪೆಯನ್ನು ಎಳೆದು ನೋಡಿದರು. ‘ಮೈಯಲ್ಲಿ ರಕ್ತವೇ ಇಲ್ವಲ್ಲಪ್ಪ ನಿನಗೆ. ನಾಳೆ ಡಾಕ್ಟರ ಹತ್ರ ಹೋಗ್ಲಿಲ್ಲ ಅಂದ್ರೆ ನಾನೇ ನಿನ್ನ ಹೆಂಡ್ತಿಗೆ ಫೋನ್ ಮಾಡ್ತೀನಿ’ ಎಂದರು. ಆವತ್ತು ಉಳಿದ ಐದು ಮಹಡಿಯನ್ನು ನಾನು ಲಿಫ್ಟಿನಲ್ಲಿ ಹೋದೆ. ಒಳಗಿನ ಕನ್ನಡಿಯಲ್ಲಿ ನನ್ನ ಮುಖ ನೋಡಿಕೊಂಡು ನಾಚಿಕೆಯಾಯಿತು.

ರಕ್ತ ಹೋಗುತ್ತಿದ್ದದ್ದು ನನಗೆ ಗೊತ್ತಿತ್ತು, ಅದನ್ನೂ ಹೇಳಿಬಿಡುತ್ತೇನೆ. ಅದಕ್ಕೂ ಆರು ತಿಂಗಳ ಮೊದಲಿನಿಂದಲೇ ಆಗಾಗ ಕಾಣುತ್ತಿತ್ತು. ತಣ್ಣಗಿನ ಸಿಮೆಂಟಿನ ಮೇಲೆ ಕೂತು ಕೆಲಸ ಮಾಡುವವರಿಗೆಲ್ಲ ಮೂಲವ್ಯಾಧಿ ಬರುತ್ತದೆ ಎಂದು ನಾನೇ ತೀರ್ಪು ಕೊಟ್ಟುಕೊಂಡು ಸುಮ್ಮನಿದ್ದೆ. ಲಿಫ್ಟಿನಲ್ಲಿ ಒಂದು ಹನಿ ಎಣ್ಣೆ ಸೋರಿದರೆ ಇಡೀ ಕಟ್ಟಡ ನಿಲ್ಲಿಸುವ ನಾನು ಇದನ್ನು ಆರು ತಿಂಗಳು ಸೋರಲು ಬಿಟ್ಟೆ. ನೀನು ಹಾಗೆ ಮಾಡಬೇಡ. ನಾಚಿಕೆ ಪಟ್ಟುಕೊಂಡು ಯಾವುದನ್ನೂ ಮುಚ್ಚಿಡಬೇಡ.

ಡಾಕ್ಟರು ಕೊಳವೆ ಹಾಕಿ ನೋಡಿದರು, ಚೂರು ತೆಗೆದು ಪರೀಕ್ಷೆಗೆ ಕಳಿಸಿದರು, ಸ್ಕ್ಯಾನ್ ಮಾಡಿಸಿದರು. ಇದಿಷ್ಟನ್ನೂ ಅಮ್ಮನಿಗೆ ಹೇಳದೆ ಕೆಲಸದ ನಡುವೆಯೇ ಮುಗಿಸಿದೆ. ಆಗ ನಡೆದದ್ದನ್ನು ಬರೆಯಲು ಈಗಲೂ ಕಿವಿ ಬಿಸಿಯಾಗುತ್ತದೆ. ನಾನು ಬೀಗ ಬಿಟ್ಟು ಬಂದೆ, ಮರೀ. ಹೌದು, ನಾನೇ. ಬಾವಿಗೆ ಇಳಿಯುವ ಮೊದಲು ಮುಖ್ಯ ಸ್ವಿಚ್ಚನ್ನು ಆರಿಸಿ ಅದಕ್ಕೆ ಅವರವರ ಬೀಗ ಅವರವರೇ ಹಾಕಬೇಕು, ಕೀಲಿ ಅವರ ಜೇಬಿನಲ್ಲೇ ಇರಬೇಕು, ಹಾಕಿದವನ ಹೊರತು ಕಂಪನಿಯ ಯಜಮಾನನೇ ಬಂದರೂ ಆ ಬೀಗ ಮುಟ್ಟಬಾರದು, ಬೀಗ ಇದೆಯೆಂದರೆ ಒಳಗೆ ಮನುಷ್ಯನಿದ್ದಾನೆ ಎಂದರ್ಥ. ಇದನ್ನು ನಿನಗೆ ಮೊದಲ ದಿನ ಹತ್ತು ಸಲ ಹೇಳಿಸಿದವನು ನಾನು. ಆವತ್ತು ಅದೇ ಹನ್ನೊಂದು ಮಹಡಿಯ ಕಟ್ಟಡದಲ್ಲಿ ನನ್ನ ಹಳದಿ ಬೀಗ ಹಾಕಿ ಬಾವಿಯ ತಳದ ಗುಂಡಿಗೆ ಇಳಿದಿದ್ದೆ. ಫೋನು ಬಂತು. ‘ರಿಪೋರ್ಟ್ ಬಂದಿದೆ, ಇವತ್ತೇ ಬನ್ನಿ. ಮನೆಯವರು ಯಾರಾದ್ರೂ ಜೊತೆಗಿದ್ರೆ ಒಳ್ಳೇದು’ ಎಂದಳು ಆಸ್ಪತ್ರೆಯ ಹುಡುಗಿ. ಗುಂಡಿಯಿಂದ ಮೇಲೆ ಬಂದವನು ಹಾಗೇ ನಡೆದು ಹೋದೆ. ಸಲಕರಣೆಯ ಚೀಲ ಗುಂಡಿಯ ಪಕ್ಕದಲ್ಲಿ, ಬೀಗ ಸ್ವಿಚ್ಚಿನ ಮೇಲೆ, ಕೀಲಿ ನನ್ನ ಜೇಬಿನಲ್ಲಿ. ಡಾಕ್ಟರ ಕೋಣೆಯಲ್ಲಿ ಫೋನು ಆರಿಸಿದೆ, ಮತ್ತೆ ಹಚ್ಚುವುದು ನೆನಪಾಗಲಿಲ್ಲ. ಮನೆಗೆ ಬಂದು ತಲೆನೋವೆಂದು ಹೇಳಿ ಮುಸುಕೆಳೆದುಕೊಂಡೆ.

ಅಲ್ಲಿ ಕಟ್ಟಡದಲ್ಲಿ ಲಿಫ್ಟು ನಿಂತೇ ಇದೆ. ಜನ ಕಂಪನಿಗೆ ಫೋನು ಮಾಡಿದ್ದಾರೆ, ಕಂಪನಿಯವರು ಗ್ರೀಸನನ್ನು ಕಳಿಸಿದ್ದಾರೆ. ಅವನು ನೋಡಿದರೆ ನನ್ನ ಬೀಗ ಇದೆ, ಚೀಲ ಇದೆ, ನಾನಿಲ್ಲ. ಫೋನಿಗೂ ಸಿಗುತ್ತಿಲ್ಲ. ಅವನು ಏನು ತಿಳಿಯಬೇಕು ಹೇಳು. ಹನ್ನೊಂದನೇ ಮಹಡಿಯಿಂದ ಒಂದೊಂದೇ ಬಾಗಿಲು ತೆರೆಸಿ ಬಾವಿಯೊಳಗೆ ಟಾರ್ಚು ಬಿಟ್ಟು ‘ಅಣ್ಣಾ’ ಎಂದು ಕೂಗಿದನಂತೆ. ಗುಂಡಿಗೆ ಇಳಿದು ಮಂಡಿಯೂರಿ ಲಿಫ್ಟಿನ ಅಡಿಯಲ್ಲಿ ತಡಕಾಡಿದನಂತೆ. ಆರನೇ ಮಹಡಿಯ ಅಜ್ಜಿಯೂ ಬಾಗಿಲ ಸಂದಿಯಲ್ಲಿ ಬಗ್ಗಿ ‘ಹಲೋ, ಹಲೋ’ ಎಂದು ಕೂಗಿದರಂತೆ, ಅಭ್ಯಾಸಬಲ. ಎಲ್ಲೂ ಸಿಗದಿದ್ದಾಗ ಸಂಜೆ ನಾಲ್ಕಕ್ಕೆ ಅಮ್ಮನಿಗೆ ಸುದ್ದಿ ಮುಟ್ಟಿಸಲು ನಮ್ಮ ಮನೆಗೆ ಬಂದ. ಬಾಗಿಲು ತೆರೆದದ್ದು ನಾನು. ಅವನು ನನ್ನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ. ಅತ್ತು ಮುಗಿಸಿ ನನ್ನ ಕಪಾಳಕ್ಕೆ ಒಂದು ಬಿಗಿದ. ನನ್ನ ಬಿಳಿ ಬನಿಯನ್ನಿನ ಮೇಲೆ ಅವನ ಎರಡು ಕೈಯ ಗುರುತು ಇನ್ನೂ ಇದೆ, ಯಾವ ಸೋಪಿಗೂ ಹೋಗಿಲ್ಲ.

ಅಮ್ಮ ಹಿಂದೆಯೇ ನಿಂತಿದ್ದಳು. ಗ್ರೀಸ್ ಏದುಸಿರಿನಲ್ಲಿ ನಡೆದದ್ದನ್ನು ಹೇಳಿದ. ಅವಳು ನನ್ನ ಪ್ಯಾಂಟಿನ ಜೇಬಿಗೆ ಕೈಹಾಕಿ ಕೀಲಿ ತೆಗೆದು ಮೇಜಿನ ಮೇಲಿಟ್ಟು, ‘ಬೀಗ ಬಿಟ್ಟು ಬರೋ ಮನುಷ್ಯ ನೀವಲ್ಲ. ಏನಾಗಿದೆ, ಈಗ್ಲೇ ಹೇಳಿ’ ಎಂದಳು. ಇಬ್ಬರ ಮುಂದೆಯೂ ಹೇಳಿದೆ. ಗ್ರೀಸ್ ತಾನು ಹೊಡೆದ ಕೈಯನ್ನೇ ನೋಡಿಕೊಳ್ಳುತ್ತ ಕೂತ. ಪಾಪ, ಅದಕ್ಕಾಗಿ ಅವನು ಇನ್ನೂ ಕ್ಷಮೆ ಕೇಳುತ್ತಾನೆ, ನಾನು ಬೇಕೆಂದೇ ಕೊಟ್ಟಿಲ್ಲ. ಆದರೆ ಕೀಲಿ ತೆಗೆದುಕೊಂಡು ಹೋಗಿ ನೀನೇ ಬೀಗ ತೆಗೆ ಎಂದರೆ ಅವನು ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ‘ಹಾಕ್ದೋನೇ ತೆಗೀಬೇಕು. ನಡಿ’ ಎಂದ. ಮೂವರೂ ಹೋದೆವು. ಕೆಳಗೆ ಕಟ್ಟಡದ ಅರ್ಧ ಜನ ನಿಂತಿದ್ದರು, ತರಕಾರಿ ಚೀಲ ಹಿಡಿದವರು, ಮಂಡಿ ನೋವಿನವರು, ಎಲ್ಲರ ಬಾಯಲ್ಲೂ ನನಗೆ ಮಂಗಳಾರತಿ. ಅಜ್ಜಿ ಮಾತ್ರ ನನ್ನ ಮುಖ ನೋಡಿ ‘ಎಲ್ರೂ ಸ್ವಲ್ಪ ಬಾಯಿ ಮುಚ್ಚಿ’ ಎಂದರು. ನಾನು ಬೀಗ ತೆಗೆದೆ. ಈಗ ಯೋಚಿಸಿದರೆ, ಆ ಬೀಗ ಉಳಿಯದೆ ಹೋಗಿದ್ದರೆ ನಾನು ಇನ್ನೆಷ್ಟು ದಿನ ಬಾಯಿ ಹೊಲಿದುಕೊಂಡಿರುತ್ತಿದ್ದೆನೋ ಗೊತ್ತಿಲ್ಲ.

ಅಮ್ಮ ಅಳಲಿಲ್ಲ. ನಿನಗೆ ಗೊತ್ತಲ್ಲ, ದಾಖಲೆ ಕಚೇರಿಯಲ್ಲಿ ಮೂವತ್ತು ವರ್ಷ ಕಡತ ಕಟ್ಟಿದವಳು ಕಷ್ಟ ಬಂದರೂ ಮೊದಲು ಅದಕ್ಕೆ ಒಂದು ಫೈಲು ಮಾಡುತ್ತಾಳೆ. ಮಾರನೆಯ ದಿನ ನನ್ನ ರಿಪೋರ್ಟುಗಳಿಗೆಲ್ಲ ತೂತು ಹೊಡೆದು, ರಕ್ತಕ್ಕೆ ಕೆಂಪು, ಸ್ಕ್ಯಾನಿಗೆ ನೀಲಿ, ಔಷಧಕ್ಕೆ ಹಸಿರು ಚೀಟಿ ಅಂಟಿಸಿ ದಪ್ಪ ಕಡತ ಮಾಡಿದಳು. ಆಸ್ಪತ್ರೆಯಲ್ಲಿ ಡಾಕ್ಟರು ಏನಾದರೂ ಕೇಳಿದರೆ ನರ್ಸು ಕಂಪ್ಯೂಟರಿನಲ್ಲಿ ಹುಡುಕುವ ಮೊದಲೇ ಇವಳ ಹಾಳೆ ಮೇಜಿನ ಮೇಲಿರುತ್ತದೆ. ಒಂದು ದಿನ ಕಾಯುವಾಗ ಬೇಜಾರಿಗೆ ಆ ಕಡತದ ಮುಖಪುಟ ನೋಡಿದೆ. ದುಂಡಗಿನ ಅಕ್ಷರದಲ್ಲಿ ರೋಗಿಯ ಹೆಸರು ಎಂದು ಬರೆದು ಅದರ ಮುಂದೆ ತನ್ನ ಹೆಸರನ್ನೇ ಬರೆದುಕೊಂಡಿದ್ದಾಳೆ. ಎರಡು ತಿಂಗಳು ಯಾರೂ ಗಮನಿಸಿರಲಿಲ್ಲ, ಅವಳೂ. ನಾನು ತೋರಿಸಿದಾಗ ‘ಅಯ್ಯೋ’ ಎಂದು ಬಾಯಿಯ ಮೇಲೆ ಕೈಯಿಟ್ಟುಕೊಂಡಳು. ಆಗ ಅವಳ ಕಣ್ಣು ತುಂಬಿದ್ದನ್ನು ನೋಡಿದೆ. ನಿನ್ನ ಅಮ್ಮನನ್ನು ನಾನು ಬಹಳ ಪ್ರೀತಿಸುತ್ತೇನೆ. ಮದುವೆಯಾಗಿ ಇಷ್ಟು ವರ್ಷವಾಯಿತು, ಇದನ್ನು ಅವಳಿಗೇ ಹೇಳದೆ ನಿನಗೆ ಬರೆಯುತ್ತಿದ್ದೇನೆ ನೋಡು.

ಇನ್ನು ಆಪರೇಷನ್ ವಿಷಯ. ಸರ್ಜನ್ ಒಬ್ಬ ಹೆಂಗಸು. ನನ್ನ ಭುಜದವರೆಗೆ ಬರುತ್ತಾರೆ ಅಷ್ಟೇ. ಆಪರೇಷನ್ ಮಾಡುವಾಗ ಕಾಲ ಕೆಳಗೆ ಸ್ಟೂಲು ಹಾಕಿಕೊಂಡು ನಿಲ್ಲುತ್ತಾರಂತೆ. ಅವರಿಗೆ ನಾನು ಸ್ಟೂಲ್ ಡಾಕ್ಟರ್ ಎಂದು ಹೆಸರಿಟ್ಟೆ. ಒಂದು ಸಲ ಬಾಯಿತಪ್ಪಿ ಅವರ ಎದುರಿಗೇ ಬಂದುಬಿಟ್ಟಿತು. ‘ಪರವಾಗಿಲ್ಲ, ಇದಕ್ಕಿಂತ ಕೆಟ್ಟ ಹೆಸರು ಕೇಳಿದ್ದೀನಿ’ ಎಂದು ನಕ್ಕರು. ಇಂಥದನ್ನು ಎಷ್ಟು ಮಾಡಿದ್ದೀರಿ, ಎಷ್ಟು ಕೆಟ್ಟಿವೆ ಎಂದು ಮುಖಕ್ಕೆ ಹೊಡೆದ ಹಾಗೆ ಕೇಳಿದೆ. ಬೇಜಾರು ಮಾಡಿಕೊಳ್ಳದೆ ಎರಡಕ್ಕೂ ಲೆಕ್ಕ ಕೊಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವ ಜನ ನನಗೆ ಹಿಡಿಸುತ್ತಾರೆ. ಅವರ ಕೈ ನೋಡಿದೆ, ಬೆರಳು ಸಣ್ಣ, ನಡುಕ ಇಲ್ಲ, ಉಗುರು ಒಪ್ಪವಾಗಿ ಕತ್ತರಿಸಿದೆ.

ಹಳೇ ಹಾಳೆಯ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದರು. ಕರುಳಿನ ಗಂಟು ಎಡಗಡೆ ಕೆಳಗಿನ ತಿರುವಿನಲ್ಲಿದೆ. ಅದರ ಎರಡೂ ಕಡೆ ಒಂದಷ್ಟು ಒಳ್ಳೆಯ ಕರುಳನ್ನೂ ಸೇರಿಸಿ ಕತ್ತರಿಸಿ ತುದಿಗಳನ್ನು ಹೊಲಿಯುತ್ತಾರೆ. ಹೊಲಿಗೆ ಮಾಯಲು ಬಿಡುವು ಬೇಕೆನಿಸಿದರೆ ಕೆಲವು ತಿಂಗಳು ಹೊಟ್ಟೆಗೆ ಒಂದು ಚೀಲ ಅಂಟಿಸಬಹುದಂತೆ. ಚೀಲ ಹೊರುವುದು ನನಗೇನು ಹೊಸದಲ್ಲ ಎಂದೆ. ಲಿವರಿನಲ್ಲಿ ಮೂರು ಗಂಟು. ಎರಡು ಬಲಭಾಗದಲ್ಲಿ, ಒಂದು ಎಡ ಅಂಚಿನಲ್ಲಿ. ದೊಡ್ಡದು ಮೊದಲು ನಿಂಬೆಹಣ್ಣಿನಷ್ಟಿತ್ತು, ಔಷಧ ಏರಿಸಿದ ಮೇಲೆ ನೆಲ್ಲಿಕಾಯಿಯಷ್ಟಾಗಿದೆ. ಬಲಭಾಗ ಪೂರ್ತಿ ತೆಗೆದು ಎಡ ಅಂಚಿನದನ್ನು ಸುತ್ತ ಕೊರೆದು ತೆಗೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ಲಿವರ್ ಹೋಯಿತಲ್ಲ ಎಂದು ನಾನು ಗಾಬರಿಯಾದಾಗ ಅವರು ಹೇಳಿದ್ದು ಕೇಳು: ಉಳಿದದ್ದು ಕೆಲವೇ ತಿಂಗಳಲ್ಲಿ ತಾನಾಗಿ ಬೆಳೆದು ಹೆಚ್ಚೂಕಡಿಮೆ ಮೊದಲಿನಷ್ಟಾಗುತ್ತದೆ! ನಾನು ಮೂರು ಸಲ ಕೇಳಿ ಖಾತ್ರಿ ಮಾಡಿಕೊಂಡೆ. ನಮ್ಮ ಕಸುಬಿನಲ್ಲಿ ಅಂಥ ಭಾಗ ಒಂದೇ ಒಂದು ಇದೆಯೇನು? ಗ್ರೀಸ್ ಇದನ್ನು ಕೇಳಿದ ದಿನದಿಂದ ‘ಮೈ ಅಂದ್ರೆ ಮೆಷೀನೇ ಅಲ್ವಾ ಅಣ್ಣ’ ಎಂದು ಧೈರ್ಯ ಹೇಳುವುದನ್ನು ಬಿಟ್ಟಿದ್ದಾನೆ.

ಐದಾರು ಗಂಟೆ ಹಿಡಿಯುತ್ತದೆ. ಎರಡು ದಿನ ತೀವ್ರ ನಿಗಾ, ಒಂದೆರಡು ವಾರ ಆಸ್ಪತ್ರೆ. ಪೂರ್ತಿ ವಾಸಿಯಾಗುವ ಸಾಧ್ಯತೆ ಇದೆ, ಖಾತ್ರಿ ಇಲ್ಲ ಎಂದರು. ನನ್ನಂಥ ಅರ್ಧಕ್ಕಿಂತ ಹೆಚ್ಚು ಜನಕ್ಕೆ ಇದು ಎಲ್ಲೋ ಒಂದು ಕಡೆ ಮತ್ತೆ ತಲೆಯೆತ್ತುತ್ತದೆ, ಆಗ ಮತ್ತೆ ನೋಡಿಕೊಳ್ಳುತ್ತೇವೆ, ವರ್ಷಗಟ್ಟಲೆ ಚೆನ್ನಾಗಿ ಓಡಾಡಿಕೊಂಡಿರುವವರು ಬೇಕಾದಷ್ಟು ಮಂದಿ ಇದ್ದಾರೆ ಎಂದರು. ಇನ್ನೊಂದು ಮಾತೂ ಹೇಳಿದರು. ಸ್ಕ್ಯಾನಿಗೆ ಕಾಣದ್ದು ಕಣ್ಣಿಗೆ ಕಾಣಬಹುದು. ಹೊಟ್ಟೆ ತೆರೆದ ಮೇಲೆ ಗಂಟು ಮೂರಕ್ಕಿಂತ ಹೆಚ್ಚಿದ್ದರೆ, ಬೇರೆ ಕಡೆಯೂ ಚೆಲ್ಲಿದ್ದರೆ, ಆಗ ಅಲ್ಲೇ ನಿಂತು ಮುಂದಿನದನ್ನು ತೀರ್ಮಾನಿಸಬೇಕಾಗುತ್ತದೆ. ಹಾಗಾಗುವ ಸಂಭವ ಕಡಿಮೆ ಎಂದೂ ಹೇಳಿದರು. ಈ ಮಾತು ಸದ್ಯ ಇಲ್ಲಿಗೇ ಇರಲಿ.

ನನಗೆ ಧೈರ್ಯವಿದೆ. ನಿನ್ನನ್ನು ಸಮಾಧಾನ ಮಾಡಲು ಬರೆಯುತ್ತಿಲ್ಲ. ಔಷಧ ಮುಗಿದು ತಿಂಗಳಾಯಿತು, ನಾಲಿಗೆಗೆ ರುಚಿ ತಿರುಗಿ ಬಂದಿದೆ, ಬೆರಳುಗಳೂ ಅರೆವಾಸಿ ನನ್ನ ಮಾತು ಕೇಳುತ್ತಿವೆ. ದಿನಾ ಬೆಳಿಗ್ಗೆ ನಮ್ಮ ಬೀದಿಯ ತುದಿಯ ಅಂಚೆಪೆಟ್ಟಿಗೆಯವರೆಗೆ ಹೋಗಿ ಬರುತ್ತೇನೆ, ಮೊನ್ನೆಯಿಂದ ಎರಡು ಸುತ್ತು. ಆಪರೇಷನ್ನಿಗೆ ಮೊದಲು ಎಷ್ಟು ನಡೆಯುತ್ತೇನೋ ಆಮೇಲೆ ಅಷ್ಟು ಬೇಗ ಏಳುತ್ತೇನಂತೆ. ಅಮ್ಮ ಅದಕ್ಕೂ ಒಂದು ಹಳದಿ ಚೀಟಿ ಅಂಟಿಸಿ ದಿನದಿನದ ಹೆಜ್ಜೆ ಬರೆದಿಡುತ್ತಾಳೆ. ಒಂದು ದಿನ ಸೋಮಾರಿತನದಿಂದ ಸುಳ್ಳು ಸಂಖ್ಯೆ ಹೇಳಿ ಸಿಕ್ಕಿಬಿದ್ದೆ. ಅವಳು ಕಿಟಕಿಯಲ್ಲಿ ನಿಂತು ಎಣಿಸಿದ್ದಳು.

ಈಗ ನಿನ್ನ ಕೆಲಸದ ಮಾತು. ನಿನ್ನ ಎರಡು ಲಿಫ್ಟಿಗೂ ಗುರುವಾರ, ಶುಕ್ರವಾರ ಭಾರದ ಪರೀಕ್ಷೆ ಇದೆಯೆಂದು ಗೊತ್ತು. ಎಂಟು ತಿಂಗಳು ಕಷ್ಟಪಟ್ಟು ಕಟ್ಟಿದ್ದನ್ನು ಕೊನೆಯ ಎರಡು ದಿನ ಬೇರೆಯವರ ಕೈಗೆ ಕೊಟ್ಟು ಬರಬೇಡ. ಮುಗಿಸಿ ಶನಿವಾರ ಬಾ. ಅಷ್ಟರಲ್ಲಿ ನಾನು ಮೂಗಿಗೊಂದು ಕೈಗೊಂದು ಕೊಳವೆ ಸಿಕ್ಕಿಸಿಕೊಂಡು ಮಲಗಿರುತ್ತೇನೆ, ನೋಡಿ ನಗಬಹುದು. ಬ್ರೇಕಿನ ಪರೀಕ್ಷೆ ನೀನೇ ನಿಂತು ಮಾಡಿಸು, ಬಾಯಿಮಾತು ನಂಬಬೇಡ. ನಿನ್ನ ಕೈಕೆಳಗಿನವರಿಗೆ ಗದರಿಸಿದ್ದು ಹೆಚ್ಚಾದರೆ ಸಂಜೆ ಒಂದು ಚಹಾ ಕೊಡಿಸು. ನಾನು ಅದನ್ನು ತಡವಾಗಿ ಕಲಿತೆ.

ಅಮ್ಮ ನಿನ್ನನ್ನು ಬಹಳ ನೆನೆಯುತ್ತಾಳೆ. ಆರನೇ ಮಹಡಿಯ ಅಜ್ಜಿ ನಿನಗೆ ನಮಸ್ಕಾರ ಹೇಳಲು ಹೇಳಿದ್ದಾರೆ, ದೊಡ್ಡವರಾಗಿ ಅವರೇಕೆ ನಮಸ್ಕಾರ ಹೇಳುತ್ತಾರೋ, ನೀನು ತಿರುಗಿ ಹೇಳು. ನಿನ್ನ ಕೈಗೆ ಬಲವಿರಲಿ, ಕಾಲ ಕೆಳಗಿನ ನೆಲ ಗಟ್ಟಿಯಾಗಿರಲಿ, ಹಿಡಿದ ಕೆಲಸ ಕೈಗೂಡಲಿ. ನಿನ್ನಂಥ ಮಗಳನ್ನು ಪಡೆದದ್ದಕ್ಕೆ ನನಗೆ ಹೆಮ್ಮೆಯಿದೆ, ಅದನ್ನು ಹಾಲಿನ ಅಂಗಡಿಯವನಿಗಲ್ಲ, ನಿನಗೇ ಹೇಳುತ್ತಿದ್ದೇನೆ.

ಇತಿ,
ನಿನ್ನನ್ನು ಮೆಟ್ಟಿಲು ಹತ್ತಿಸಿ ಬೈಸಿಕೊಂಡ
ಅಪ್ಪ

ಕೊನೆಯದಾಗಿ: ಮೇಲೆ ಶನಿವಾರ ಬಾ ಎಂದು ಬರೆದದ್ದನ್ನು ಹೊಡೆದುಹಾಕು. ಹೇಳಬೇಕಾದದ್ದನ್ನು ಹೇಳಲು ಧೈರ್ಯ ಸಾಲದೆ ಇಷ್ಟು ಹಾಳೆ ತುಂಬಿಸಿದೆ. ಆಸ್ಪತ್ರೆಯ ಕಾಗದದಲ್ಲಿ ಒಂದು ಜಾಗವಿದೆ: ರೋಗಿ ಮಾತಾಡುವ ಸ್ಥಿತಿಯಲ್ಲಿ ಇಲ್ಲದಾಗ ಯಾರನ್ನು ಕೇಳಬೇಕು. ಒಳಗೆ ಬೇರೇನಾದರೂ ಕಂಡರೆ ಸ್ಟೂಲ್ ಡಾಕ್ಟರ್ ಹೊರಗೆ ಬಂದು ಅವರನ್ನು ಕೇಳುತ್ತಾರೆ, ಅಪಾಯ ಹೊತ್ತು ಮುಂದುವರಿಯಲೇ, ಹೊಲಿದು ಮುಚ್ಚಲೇ ಎಂದು. ನಾನು ಅಮ್ಮನ ಹೆಸರು ಬರೆಯಲು ಹೋದಾಗ ಅವಳು ಪೆನ್ನು ಹಿಡಿದು ತಡೆದಳು. ‘ನಮ್ಮಮ್ಮ ಆಸ್ಪತ್ರೇಲಿ ಇದ್ದಾಗ ಮುಂದಿಟ್ಟ ಕಾಗದಕ್ಕೆಲ್ಲ ಸಹಿ ಹಾಕ್ದೆ. ಏಳು ವಾರ ಅವಳು ಆ ಕೊಳವೆಗಳ ಮಧ್ಯೆ ಇದ್ಲು. ಸಾಕು ಅನ್ನೋಕೆ ನಂಗೆ ಬಾಯಿ ಬರ್ಲಿಲ್ಲ. ನಿಮ್ಮ ವಿಷಯದಲ್ಲಿ ಇನ್ನೂ ಬರಲ್ಲ. ಮಗಳ ಹೆಸರು ಬರೀರಿ’ ಎಂದಳು. ನನಗೂ ನೀನೇ ಬೇಕು ಅನಿಸಿತು. ನೀನು ಕಡ್ಡಿ ಮುರಿದಂತೆ ಮಾತಾಡುವವಳು. ನಾನು ಎದ್ದು ಈ ಮನೆಗೆ ನಡೆದು ಬರುವ ದಾರಿ ಇದೆ ಎಂದು ಅವರು ಹೇಳಿದರೆ, ಎಷ್ಟೇ ಕಷ್ಟದ ದಾರಿಯಾದರೂ, ಮುಂದುವರಿಸಿ ಅನ್ನು. ಇಲ್ಲವೆಂದರೆ ಸಾಕು ಅನ್ನು. ಆಮೇಲೆ ಜೀವಮಾನದಲ್ಲಿ ಒಂದು ದಿನವೂ ತಪ್ಪು ಮಾಡಿದೆ ಎಂದುಕೊಳ್ಳಬೇಡ, ಏಕೆಂದರೆ ಆ ಮಾತು ನನ್ನದು, ನಿನ್ನ ಬಾಯಿಂದ ಬರುತ್ತದೆ ಅಷ್ಟೇ. ಧೈರ್ಯವಿದೆ ಎಂದು ಬರೆದದ್ದು ನಿಜ. ಈ ಒಂದು ವಿಷಯದಲ್ಲಿ ಮಾತ್ರ ನನಗೆ ಭಯವಿದೆ, ಅದೂ ನಿಜ. ಬುಧವಾರ ಸಂಜೆ ನಾಲ್ಕರೊಳಗೆ ನೀನೇ ಬಂದು ಸಹಿ ಹಾಕಬೇಕಂತೆ. ಗ್ರೀಸ್ ಪತ್ರ ಕೊಡಲು ಮಾತ್ರ ಬಂದದ್ದಲ್ಲ, ಬೂಟು, ಬಟ್ಟೆ ಕಟ್ಟಿಕೊಂಡು ಬಂದಿದ್ದಾನೆ, ನಿನ್ನ ಪರೀಕ್ಷೆ ಅವನು ಮುಗಿಸುತ್ತಾನೆ, ಕಂಪನಿಗೆ ಹೇಳಿಯಾಗಿದೆ. ನಿನ್ನ ಹೆಸರು ಬರೆದು, ಸಂಬಂಧ ಎಂಬಲ್ಲಿ ‘ಮಗಳು’ ಎಂದು ತುಂಬಿದ್ದೇನೆ. ಸಹಿಯ ಜಾಗ ಖಾಲಿಯಿದೆ. ಬಾ ಮರೀ.